ಕತ್ತಿನ ಎರಡನೆಯ ಎಲುಬು

ಬಲ್ಗೇರಿಯಾದ ಬೆಲೊಬ್ರೋದ್ ಊರಿನ ದಾದಿಯರ ಶಾಲೆಯಲ್ಲಿ ತ್ರಿಫನ್ ಕಲ್ಚೆವ್ ಇಪ್ಪತ್ತಾರು ವರ್ಷಗಳಿಂದ ಎಲುಬುಗಳನ್ನು ನೋಡಿಕೊಂಡಿದ್ದ. ಸಂಬಳದ ಪಟ್ಟಿಯಲ್ಲಿ ಅವನ ಹುದ್ದೆ 'ಸಹಾಯಕ, ಎರಡನೇ ದರ್ಜೆ' ಎಂದಿತ್ತು. ಎರಡನೇ ದರ್ಜೆಯ ಸಹಾಯಕ ಎಂದು ಹೇಳಿಕೊಂಡರೆ ಮಾಂಸದಂಗಡಿಯ ಸಾಲಿನಲ್ಲಿ ಯಾರೂ ಹಿಂತಿರುಗಿ ಸಹ ನೋಡುವುದಿಲ್ಲವಾದ್ದರಿಂದ ಅವನು ತನ್ನನ್ನು 'ಅಂಗರಚನಾ ವಿಭಾಗದವನು' ಎಂದು ಪರಿಚಯಿಸಿಕೊಳ್ಳುತ್ತಿದ್ದ. ವಿಭಾಗ ಎಂದರೆ ನೆಲಮಾಳಿಗೆಯ ಒಂದು ಕೋಣೆ, ಒಂದು ಗಾಜಿನ ಬೀರು, ಮತ್ತು ಲಾಜರ್. ಲಾಜರ್ ಎಂಬುದು ಚಾವಣಿಯ ಕೊಕ್ಕೆಯಿಂದ ತೂಗುತ್ತಿದ್ದ ಅಸಲಿ ಅಸ್ಥಿಪಂಜರ. ಅದಕ್ಕೆ ಆ ಹೆಸರಿಟ್ಟವರು ಯಾರೋ ಹಳೆಯ ವಿದ್ಯಾರ್ಥಿನಿಯರು. ಧೂಳು ಒರೆಸುವವನು ತ್ರಿಫನ್.

ಪರೀಕ್ಷೆ ಹತ್ತಿರ ಬಂದಾಗ ಹುಡುಗಿಯರು ಕದ್ದು ಕೆಳಗಿಳಿದು ಬರುತ್ತಿದ್ದರು. ಆಗ ತ್ರಿಫನ್ ಧೂಳಿನ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಪ್ರೊಫೆಸರನಾಗುತ್ತಿದ್ದ.

"ಬೆನ್ನೆಲುಬು ಅಂತ ಒಂದು ಎಲುಬು ಇಲ್ಲ ಮಕ್ಕಳೇ. ಮೂವತ್ತಮೂರಿವೆ. ಅದರಲ್ಲಿ ಕತ್ತಿನ ಪಾಲು ಏಳು. ಇಲಿಗೂ ಏಳೇ, ಒಂಟೆಗೂ ಏಳೇ. ಮೊದಲನೇದು ಬಳೆ ಥರ, ಅದರ ಮೇಲೆ ತಲೆ ಕೂತಿದೆ. ಎರಡನೇದಕ್ಕೆ ಒಂದು ಹಲ್ಲಿದೆ, ನೋಡಿ. ಆ ಬಳೆ ಈ ಹಲ್ಲಿನ ಸುತ್ತ ತಿರುಗುತ್ತೆ. ತಲೆ ಮೇಲೆ ಕೆಳಗೆ ಆಡೋದು ಮೊದಲನೇ ಕೀಲು, ಅತ್ತಿತ್ತ ಆಡೋದು ಎರಡನೇ ಕೀಲು. ಪುಸ್ತಕದಲ್ಲಿ ಮೊದಲನೇದು 'ಹೌದು' ಕೀಲು, ಎರಡನೇದು 'ಇಲ್ಲ' ಕೀಲು ಅಂತ ಇದೆ. ಬರೆದೋನು ಹೊರಗಿನೋನು, ಪಾಪ, ಅವನಿಗೇನು ಗೊತ್ತು! ನಮ್ಮಲ್ಲಿ ಅತ್ತಿತ್ತ ಆಡಿಸಿದ್ರೆ ಹೌದು, ಗದ್ದ ಮೇಲೆತ್ತಿದ್ರೆ ಇಲ್ಲ. ಅದಕ್ಕೇ ಪರೀಕ್ಷೇಲಿ ಪುಸ್ತಕದ್ದು ಬರೀರಿ, ಮನೇಲಿ ನಮ್ಮದು ಮಾಡಿ."

ಹುಡುಗಿಯರು ನಗುತ್ತಿದ್ದರು. ಹೆಂಡತಿ ರಾದಾ ತೀರಿಕೊಂಡ ನಾಲ್ಕು ವರ್ಷಗಳಲ್ಲಿ ತ್ರಿಫನ್‌ನ ಮಾತಿಗೆ ನಕ್ಕವರೆಂದರೆ ಅವರೇ. ಮಕ್ಕಳಿರಲಿಲ್ಲ. ಅವನಿದ್ದ ವಠಾರದಲ್ಲಿ ಜನ ಅವನನ್ನು ಅರ್ಧ ತಮಾಷೆಗೆ 'ಡಾಕ್ಟ್ರೇ' ಎಂದು ಕರೆಯುತ್ತಿದ್ದರು. ಉಳಿದರ್ಧ ತಮಾಷೆಯಲ್ಲ ಎಂದು ಅವನು ನಂಬಿದ್ದ. ಎಲ್ಲ ಅನರ್ಥಕ್ಕೂ ಮೂಲ ಈ ಉಳಿದರ್ಧವೇ.

ನವೆಂಬರ್ ತಿಂಗಳ ಒಂದು ಬುಧವಾರ ಲಾಜರ್ ತೂಗುತ್ತಿದ್ದ ಕೊಕ್ಕೆ ತುಕ್ಕು ಹಿಡಿದು ಮುರಿಯಿತು. ತ್ರಿಫನ್ ಮನೆಗೆ ಬರುವಾಗ ಕೆಳಮಹಡಿಯ ದಾಫಿನಾಳ ಬಾಗಿಲು ತಟ್ಟಿದ. ದಾಫಿನಾ ಐವತ್ತು ದಾಟಿದ ವಿಧವೆ, ಅಂಚೆ ಕಚೇರಿಯ ನೌಕರಿ. ಹಿಂದಿನ ಭಾನುವಾರ ಅವನು ಅವಳನ್ನು ಕಾಫಿಗೆ ಕರೆದಿದ್ದ; ಅವಳು ಬರುವುದಿಲ್ಲ ಎಂದಿದ್ದಳು. ಅಂದಿನಿಂದ 'ತ್ರಿಫನಣ್ಣ' ಎನ್ನುವಾಗ 'ಅಣ್ಣ'ವನ್ನು ಸ್ವಲ್ಪ ಒತ್ತಿ ಹೇಳುತ್ತಿದ್ದಳು.

"ದಾಫಿನಾ, ಗಟ್ಟಿ ಹಗ್ಗ ಇದೆಯಾ?"

"ಏನಕ್ಕೆ?" ಒಳಗೆ ಒಲೆಯ ಮೇಲೆ ಅವಳ ಸೇಬಿನ ಜಾಮು ಕುದಿಯುತ್ತಿತ್ತು, ಅವಳ ಅರ್ಧ ಜೀವ ಅಲ್ಲಿತ್ತು.

"ನೇತುಹಾಕೋಕೆ."

"ಭಾರ ಎಷ್ಟಿದೆ?"

"ಏನಿಲ್ಲ ಬಿಡಿ. ಮಾಂಸ ಎಲ್ಲ ಯಾವತ್ತೋ ಹೋಗಿದೆ, ಬರೀ ಎಲುಬು."

ಅವಳು ಹಗ್ಗ ಕೊಟ್ಟು ಜಾಮಿನ ಕಡೆಗೆ ಓಡಿದಳು.

ಗುರುವಾರ ತ್ರಿಫನ್ ಲಾಜರನನ್ನು ಹಗ್ಗದಿಂದ ತೂಗುಹಾಕಿ, ಸುಸ್ತಾಗಿ ಮನೆಗೆ ಬಂದು, ಕಿಟಕಿ ತೆರೆದಿಟ್ಟು, ಸೋಫಾದ ಮರದ ಕೈಯನ್ನೇ ದಿಂಬು ಮಾಡಿಕೊಂಡು ಮಲಗಿಬಿಟ್ಟ. ಶುಕ್ರವಾರ ಬೆಳಿಗ್ಗೆ ಎದ್ದರೆ ಕತ್ತು ಎದ್ದಿರಲಿಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಚಹಾ ಕುಡಿಯಲು ಬಗ್ಗಿದರೆ ಬೆನ್ನು ಬಗ್ಗಿತು, ತಲೆ ಬಗ್ಗಲಿಲ್ಲ. ಚಹಾ ಎದೆಯ ಮೇಲೆ ಹೋಯಿತು. ಹಾಗೂ ಹೀಗೂ ಶಾಲೆ ಸೇರಿದವನ ಕಣ್ಣಿಗೆ ಗಾಜಿನ ಬೀರುವಿನ ಮೇಲಿನ ಅಂಕಣದಲ್ಲಿದ್ದ ಚರ್ಮದ ಕತ್ತುಪಟ್ಟಿ ಬಿತ್ತು. ಕಬ್ಬಿಣದ ಕಡ್ಡಿ ಹೊಲಿದ ಹಳೇ ಕಾಲದ ಪಟ್ಟಿ, ಒಳಗಡೆ ಬಿಳಿ ಬಣ್ಣದಲ್ಲಿ 114 ಎಂದು ಬರೆದಿತ್ತು. ಬೀರುವಿನ ಒಂದು ಸೂಜಿ ಹೊರಗೆ ಹೋಗಬೇಕಾದರೂ ನಿರ್ದೇಶಕಿಯ ಸಹಿ ಬೇಕು. ಸೋಮವಾರ ಬೆಳಿಗ್ಗೆ ಸದ್ದಿಲ್ಲದೆ ಒಳಗಿಟ್ಟರಾಯಿತು ಎಂದುಕೊಂಡು ಅವನು ಅದನ್ನು ಕಟ್ಟಿಕೊಂಡ. ಕತ್ತಿಗೆ ಹಾಯೆನಿಸಿತು. ಒಂದೇ ದೋಷವೆಂದರೆ ಪಟ್ಟಿ ಗದ್ದವನ್ನು ಎರಡು ಬೆರಳು ಮೇಲಕ್ಕೆತ್ತುತ್ತಿತ್ತು. ಅಂದರೆ ತ್ರಿಫನ್‌ನ ಮುಖ ಇಡೀ ಲೋಕಕ್ಕೆ ಒಂದೇ ಸಮನೆ 'ಇಲ್ಲ' ಎನ್ನುತ್ತಿತ್ತು.

ಸಂಜೆ ಮೆಟ್ಟಿಲ ಮೇಲೆ ದಾಫಿನಾ ಎದುರಾದಳು.

"ಅಯ್ಯೋ, ತ್ರಿಫನಣ್ಣ! ಕತ್ತಿಗೇನಾಯ್ತು?"

ಬಲ್ಗೇರಿಯಾದಲ್ಲಿ ಈ ಪ್ರಶ್ನೆಗೆ ಅಜ್ಜ ಮುತ್ತಜ್ಜಂದಿರ ಕಾಲದಿಂದ ಒಂದೇ ಉತ್ತರವಿದೆ: 'ಗಾಳಿ ಹೊಡೀತು.' ಕಿವಿನೋವು, ಹಲ್ಲುನೋವು, ಬಂಜೆತನ ಎಲ್ಲವೂ ಕಿಟಕಿಯ ಗಾಳಿಯಿಂದಲೇ ಬರುವ ದೇಶ ಅದು. ತ್ರಿಫನ್ ಅದನ್ನು ಹೇಳಿಬಿಟ್ಟಿದ್ದರೆ ಈ ಕಥೆಗೆ ಕೆಲಸವಿರುತ್ತಿರಲಿಲ್ಲ. ಆದರೆ ಇಪ್ಪತ್ತಾರು ವರ್ಷ ಎಲುಬಿನ ಸಹವಾಸ ಮಾಡಿದವನು ಮುದುಕಿಯರ ಹಾಗೆ ಗಾಳಿ ಗೀಳಿ ಎನ್ನುವುದೇ? ಅದೂ ಕಾಫಿಗೆ ಬರಲೊಲ್ಲೆ ಎಂದವಳ ಮುಂದೆ?

"ಎರಡನೇ ಎಲುಬು," ಎಂದ ಗಂಭೀರವಾಗಿ. "ಹಲ್ಲಿರೋದು. ಜನಸಾಮಾನ್ಯರಿಗೆ ತಿಳಿಯೋ ವಿಷಯ ಅಲ್ಲ, ಬಿಡಿ."

"ಹೇಗಾಯ್ತು?"

"ಹೇಗಂದ್ರೆ ಏನು ಹೇಳಲಿ. ಒಬ್ಬನೇ ಇದ್ದೆ. ನನ್ನದೇ ತಪ್ಪು."

"ತುಂಬಾ ನೋವಾಯ್ತಾ?"

"ಕಣ್ಣು ಕತ್ತಲೆ ಬಂತು, ಅಷ್ಟೆ."

"ಈಗ ಚೆನ್ನಾಗಿದೀರ ತಾನೇ?"

"ಚೆನ್ನಾಗಿದೀನಿ," ಎಂದಿತು ಬಾಯಿ. ಇಲ್ಲ ಎಂದಿತು ಗದ್ದ. ಬಾಯಿಗೂ ಗೋಣಿಗೂ ಜಗಳ ಬಂದರೆ ಜನ ನಂಬುವುದು ಗೋಣನ್ನೇ.

ದಾಫಿನಾ ಈ ವರದಿಯನ್ನು ಗಾತೆವ್‌ಗೆ ಒಪ್ಪಿಸಿದಳು. ಗಾತೆವ್ ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು, ವಠಾರದ ಸಮಿತಿಯ ಅಧ್ಯಕ್ಷ. ಅವನ ಹತ್ತಿರ ಒಂದು ಮನೆ ವೈದ್ಯದ ಪುಸ್ತಕವಿತ್ತು. ಕನ್ನಡಕ ಏರಿಸಿ ಹುಡುಕಿ ಮೂವರು ನೆರೆಯವರ ಸಮಕ್ಷಮದಲ್ಲಿ ಗಟ್ಟಿಯಾಗಿ ಓದಿದ: "ಕತ್ತಿನ ಎರಡನೆಯ ಎಲುಬಿನ ಮುರಿತ. ಎತ್ತರದಿಂದ ಬಿದ್ದವರಲ್ಲಿ, ವಾಹನ ಅಪಘಾತಕ್ಕೆ ಸಿಕ್ಕವರಲ್ಲಿ, ಮತ್ತು ನೇಣಿಗೆ ಬಿದ್ದವರಲ್ಲಿ ಕಂಡುಬರುತ್ತದೆ."

ಪುಸ್ತಕ ಮುಚ್ಚಿ, ಟಿಕೆಟ್ ಇಲ್ಲದ ಪ್ರಯಾಣಿಕನನ್ನು ಹಿಡಿದವನ ಧ್ವನಿಯಲ್ಲಿ ಹೇಳಿದ: "ಎತ್ತರದಿಂದ ಬಿದ್ದಿಲ್ಲ, ಇರೋದೇ ಒಂದನೇ ಮಹಡಿ. ವಾಹನ ಅಂತೀರಾ, ಕಾರಿಗೆ ಹೆಸರು ಬರೆಸಿ ಹದಿನಾಲ್ಕು ವರ್ಷ ಆಯ್ತು, ಇನ್ನೂ ಪಾಳಿ ಬಂದಿಲ್ಲ. ಉಳಿದದ್ದೇನು?"

ಉಳಿದದ್ದೇನೆಂದು ಎಲ್ಲರಿಗೂ ಒಂದೇ ಸಲ ಹೊಳೆಯಿತು. ದಾಫಿನಾ ಗೋಡೆ ಹಿಡಿದುಕೊಂಡಳು. "ಅಯ್ಯೋ ನನ್ನ ಹಗ್ಗ! ನೇತುಹಾಕೋಕೆ ಅಂತ ಬಾಯಿಬಿಟ್ಟು ಹೇಳಿದ್ನಲ್ಲ! ಮೈಮೇಲೆ ಮಾಂಸ ಇಲ್ಲ, ಬರೀ ಎಲುಬು ಅಂದ. ನಾನು ಪಾಪಿ ಜಾಮು ಅಂತ ಓಡಿದೆ!"

ಅಂಥವರ ಮುಂದೆ ಆ ವಿಷಯ ಎತ್ತಲೇಬಾರದು ಎಂದು ಗಾತೆವ್ ತೀರ್ಮಾನ ಕೊಟ್ಟ. ವಠಾರದ ಚರಿತ್ರೆಯಲ್ಲಿ ಎಲ್ಲರೂ ಒಮ್ಮತದಿಂದ ಪಾಲಿಸಿದ ತೀರ್ಮಾನ ಅದೊಂದೇ.

ಶನಿವಾರದಿಂದ ತ್ರಿಫನ್‌ಗೆ ಲೋಕ ಅರ್ಥವಾಗುವುದು ನಿಂತಿತು. ಬೆಳಿಗ್ಗೆ ಗಾತೆವ್ ಇಕ್ಕಳ ಹಿಡಿದು ಬಂದು, "ದೀಪದ ಕೊಕ್ಕೆ ತಪಾಸಣೆ, ಎಲ್ಲ ಮನೆಗೂ ಇದೆ," ಎಂದು ಚಾವಣಿಯ ಕೊಕ್ಕೆಗಳನ್ನೆಲ್ಲ ಕಿತ್ತುಕೊಂಡು ಹೋದ. ಬಟ್ಟೆ ಒಣಹಾಕುವ ತಂತಿ ಹೋಯಿತು, ಪರದೆಯ ದಾರ ಹೋಯಿತು. ಪ್ಯಾಂಟಿನ ಬೆಲ್ಟು 'ದುರಸ್ತಿಗೆ' ಹೋಯಿತು. ಅದು ದುರಸ್ತಿಗೆ ಬಂದಿತ್ತೆಂದು ತ್ರಿಫನ್‌ಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮುಂದಿನ ದಿನಗಳಲ್ಲಿ ಅವನು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಓಡಾಡಿದ. ಇನ್ನೊಂದು ಕೈಗೆ ಜನ ತಿಂಡಿ ತಂದಿಡುತ್ತಿದ್ದರು. ಚೀಸಿನ ಬಾನಿತ್ಸಾ, ಉಪ್ಪಿಗೆ ಹಾಕಿದ ಮೆಣಸಿನಕಾಯಿಯ ಜಾಡಿ, ದಾಫಿನಾಳ ಬೀನ್ಸ್ ಕಾಳಿನ ಸಾರು.

ಭಾನುವಾರ ಸಾರು ತಂದ ದಾಫಿನಾ ಬಾಗಿಲಲ್ಲೇ ನಿಂತು, ಸೆರಗಿಲ್ಲದ್ದರಿಂದ ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡಳು.

"ಕಾಫಿಗೆ ಬರಲ್ಲ ಅಂದಿದ್ದಕ್ಕೆ ಇಷ್ಟು ದೂರ ಹೋಗೋದಾ, ತ್ರಿಫನ್?"

'ಅಣ್ಣ' ಉದುರಿಹೋಗಿರುವುದನ್ನು ತ್ರಿಫನ್ ಗಮನಿಸಿದ. ಮಿಕ್ಕದ್ದೇನೂ ಅರ್ಥವಾಗಲಿಲ್ಲ.

"ಎಲ್ಲಿ ದೂರ? ಮೊನ್ನೆ ಶಾಲೆಗೆ ಹೋಗಿ ಬಂದೆ ಅಷ್ಟೆ."

"ಬರೋ ಭಾನುವಾರ ಕಾಫಿಗೆ ಬರ್ತೀನಿ. ಆದ್ರೆ ಇನ್ಮೇಲೆ ಅಂಥದ್ದೆಲ್ಲ ಮಾಡಬಾರದು. ಆಯ್ತಾ?"

ಯಾವಂಥದ್ದು ಎಂದು ಕೇಳಿದರೆ ಭಾನುವಾರ ಕೈತಪ್ಪೀತೆಂದು ತ್ರಿಫನ್ ಆಯ್ತು ಎಂದ. ಗದ್ದ ಇಲ್ಲ ಎಂದದ್ದನ್ನು ಕಂಡು ದಾಫಿನಾ ಇನ್ನೂ ಜೋರಾಗಿ ಅತ್ತಳು. ಆದರೆ ಕೆಳಗಿಳಿಯುವಾಗ ಅವಳ ಬೆನ್ನು ಎಂದಿಗಿಂತ ನೆಟ್ಟಗಿತ್ತು. ಬೆಲೊಬ್ರೋದ್‌ನಲ್ಲಿ ಒಬ್ಬ ಹೆಂಗಸಿಗಾಗಿ ಒಬ್ಬ ಗಂಡಸು ಕುಡಿದದ್ದುಂಟು, ಕಿಟಕಿಯ ಗಾಜು ಒಡೆದದ್ದುಂಟು. ಇಷ್ಟರ ಮಟ್ಟಿಗೆ ಯಾರೂ ಹೋಗಿರಲಿಲ್ಲ. ಅಂಚೆ ಕಚೇರಿಯ ಕಿಟಕಿಯಲ್ಲಿ ಜನ ಸ್ಟಾಂಪು ಬೇಡದಿದ್ದರೂ ಸಾಲಿನಲ್ಲಿ ನಿಂತು ಅವಳನ್ನು ನೋಡಿಕೊಂಡು ಹೋಗುತ್ತಿದ್ದರು.

ಸೋಮವಾರ ಬೆಳಿಗ್ಗೆಯೂ ಕತ್ತು ಬಿಡಲಿಲ್ಲ. ತ್ರಿಫನ್ ರಜೆ ಹೇಳಿ ಕಳಿಸಿದ. ಮಧ್ಯಾಹ್ನಕ್ಕೆ ನಿರ್ದೇಶಕಿ ಕಾಮ್ರೇಡ್ ರಾಲೆವಾ ತಾನೇ ಬಂದಳು. ಕೈಯಲ್ಲಿ ಸೇವಂತಿಗೆ ಹೂವಿದ್ದವು. ಬಾಗಿಲಲ್ಲಿ ನಿಂತು ಹೂ ಎಣಿಸಿದಳು, ಆರಿದ್ದವು. ಸಮಸಂಖ್ಯೆಯ ಹೂ ಸತ್ತವರಿಗೆ. ನಾಲಿಗೆ ಕಚ್ಚಿಕೊಂಡು ಒಂದನ್ನು ಎಳೆದು ಕೈಚೀಲಕ್ಕೆ ತುರುಕಿ ಒಳಗೆ ಬಂದಳು.

"ಕಾಮ್ರೇಡ್ ಕಲ್ಚೆವ್, ನಮಗೆ ಎಲ್ಲ ಗೊತ್ತಾಗಿದೆ."

ತ್ರಿಫನ್‌ಗೆ ಹೊಳೆದದ್ದು ಕತ್ತುಪಟ್ಟಿಯೊಂದೇ. ನೂರ ಹದಿನಾಲ್ಕು!

"ಸೋಮವಾರದ ಹೊತ್ತಿಗೆ ಎಲ್ಲ ಮುಗಿದುಹೋಗಿರುತ್ತೆ, ಯಾರಿಗೂ ತಿಳಿಯಲ್ಲ ಅಂದ್ಕೊಂಡಿದ್ದೆ."

ರಾಲೆವಾಳ ಕಣ್ಣು ತುಂಬಿತು. "ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಬಿಡ್ತಿದ್ರಾ?"

"ಖಂಡಿತ ಬಿಡ್ತಿರಲಿಲ್ಲ!"

"ಅದಕ್ಕೇ ಹೇಳಲಿಲ್ಲ."

"ಇನ್ನೊಂದ್ಸಲ ಹೀಗೆ ಮಾಡಲ್ಲ ಅಂತ ಮಾತು ಕೊಡಿ."

"ಇನ್ನೊಂದ್ಸಲ ಅಂಥ ಅಗತ್ಯ ಬಿದ್ರೆ ನಿಮ್ಮ ಸಹಿ ತಗೊಂಡೇ ಮಾಡ್ತೀನಿ."

ನಿರ್ದೇಶಕಿ ಕುರ್ಚಿಯಲ್ಲಿ ಕುಸಿದಳು. ಅವನ ಕೈ ಹಿಡಿದುಕೊಂಡು, "ಆ ಆದೇಶದ ಸುದ್ದಿ ನಿಮ್ಮ ಕಿವಿಗೆ ಬಿತ್ತು, ಅಲ್ವಾ? ಅದೇ ತಾನೇ ಕಾರಣ?" ಎಂದಳು.

"ಯಾವ ಆದೇಶ?"

"ಹೊಸ ವರ್ಷಕ್ಕೆ ಪ್ಲಾಸ್ಟಿಕ್ ಅಸ್ಥಿಪಂಜರ ಬರ್ತಿರೋದು. ಅದನ್ನ ನಲ್ಲಿ ಕೆಳಗೆ ಹಿಡಿದು ತೊಳೆದ್ರೆ ಸಾಕಂತೆ, ಸಹಾಯಕ ಬೇಡವಂತೆ. ಲಾಜರನನ್ನ ಉಗ್ರಾಣಕ್ಕೆ, ನಿಮ್ಮನ್ನ…" ಅವಳು ಮಾತು ನುಂಗಿದಳು. "ಆದ್ರೆ ಇಂಥ ಪರಿಸ್ಥಿತೀಲಿ ನಾನು ಮೇಲಿನವರಿಗೆ ಬರೆದು ಮುಂದೂಡಿಸ್ತೀನಿ. ನೀವು ಆರಾಮಾಗಿರಿ."

ತ್ರಿಫನ್ ಆರಾಮಾಗಿಯೇ ಇದ್ದ, ಅವಳು ಬರುವವರೆಗೆ.

ಮಂಗಳವಾರ ಠಾಣೆಯಿಂದ ಸಾರ್ಜೆಂಟ್ ಮಿಂಚೆವ್ ಬಂದ. ದಪ್ಪ ಮೀಸೆಯ, ಮಾತು ಕಡಿಮೆಯ ಮನುಷ್ಯ. ಮೂರು ಪ್ರತಿಯ ಒಂದು ಫಾರಂ ತೆಗೆದು ಮಧ್ಯೆ ಮಧ್ಯೆ ಕಾರ್ಬನ್ ಹಾಳೆ ಜೋಡಿಸಿದ. ಒಂದು ಕತ್ತುಪಟ್ಟಿಗೆ ಪೊಲೀಸರೇ ಬಂದರಲ್ಲ! ಎಲ್ಲವನ್ನೂ ಒಪ್ಪಿಕೊಂಡುಬಿಡುವುದೇ ಕ್ಷೇಮ ಎಂದುಕೊಂಡ ತ್ರಿಫನ್.

"ನೀವೇ ಮಾಡಿದ್ದಾ?"

"ನಾನೇ."

"ಯಾರಾದ್ರೂ ಹೇಳಿಕೊಟ್ರಾ?"

"ಯಾರೂ ಇಲ್ಲ ಸಾರ್ಜೆಂಟ್. ಬೀರು ತೆರೆದಿತ್ತು. ಕಂಡ ಕೂಡ್ಲೇ ಮನಸ್ಸು ಕೆಟ್ಟಿತು."

ಸಾರ್ಜೆಂಟ್ ಕೋಣೆಯ ಮೂಲೆಯಲ್ಲಿದ್ದ ಬಟ್ಟೆಯ ಬೀರುವನ್ನು ಮೇಲಿಂದ ಕೆಳಗೆ ಅಳೆದ. "ಬೀರುವಿನ ಒಳಗಾ?"

"ಮತ್ತಿನ್ನೆಲ್ಲಿ? ಮೇಲಿನ ಅಂಕಣ."

ಆ ಬೀರುವಿನ ಎತ್ತರಕ್ಕೂ ಈ ಮನುಷ್ಯನ ಎತ್ತರಕ್ಕೂ ಲೆಕ್ಕ ಹೊಂದಲಿಲ್ಲ. ಆದರೂ ಸಾರ್ಜೆಂಟ್ ಬರೆದುಕೊಂಡ. "ಪಶ್ಚಾತ್ತಾಪ ಇದೆಯಾ?"

"ಇದೆ. ಅಳತೆ ಸ್ವಲ್ಪ ಬಿಗಿಯಾಯ್ತು."

ಸಾರ್ಜೆಂಟ್‌ನ ಪೆನ್ನು ನಿಂತಿತು. ಅವನು ಟೋಪಿ ಹಾಕಿಕೊಂಡು ಹೊರಟ. 'ಕಾರಣಗಳು' ಎಂಬ ಅಂಕಣಕ್ಕೆ ನೆರೆಹೊರೆಯವರನ್ನು ಕೇಳಬೇಕಿತ್ತು. ನೆರೆಹೊರೆಯವರು ಮೆಟ್ಟಿಲ ಮೇಲೆ ಸಾಲುಗಟ್ಟಿ ಕಾಯುತ್ತಿದ್ದರು.

ಬುಧವಾರ ಮಧ್ಯಾಹ್ನದ ಬಸ್ಸಿಗೆ ಹಳ್ಳಿಯಿಂದ ಅಕ್ಕ ವೆಲಿಚ್ಕಾ ಬಂದಳು. ಗಾತೆವ್ ತಂತಿ ಕೊಟ್ಟಿದ್ದ: 'ತ್ರಿಫನ್ ಕತ್ತು. ಹಗ್ಗ. ಕೂಡಲೇ ಹೊರಡಿ.' ಅವಳ ಚೀಲದಲ್ಲಿ ಕಪ್ಪು ಲಂಗವಿತ್ತು, ಎರಡು ಕಿಲೋ ಗೋಧಿಯಿತ್ತು. ಬೇಯಿಸಿ, ಸಕ್ಕರೆ ಬೆರೆಸಿ ಸತ್ತವರ ಹೆಸರಲ್ಲಿ ಹಂಚುವ ಗೋಧಿ. ತಮ್ಮ ನಿಂತಿರುವುದನ್ನು ಕಂಡು ಚೀಲವನ್ನು ಮೆಲ್ಲಗೆ ಬಾಗಿಲ ಹಿಂದೆ ಸರಿಸಿದಳು.

"ಬಂದ್ಯಾ ಅಕ್ಕಾ! ಆ ಚೀಲದಲ್ಲೇನು?"

"ಏನಿಲ್ಲ ಕಣೋ. ಗೋಧಿ. ಯಾವುದಕ್ಕೂ ಇರ್ಲಿ ಅಂತ." ಅವಳು ಅವನನ್ನು ತಬ್ಬಿಕೊಳ್ಳಲು ಬಂದು, ಕತ್ತು ಕಂಡು ಹೆದರಿ, ಹೊಟ್ಟೆಯನ್ನು ತಬ್ಬಿಕೊಂಡಳು. "ನಿನಗೆ ಯಾರು ಹೇಳಿದ್ರೋ? ನಿನಗೆ ಹೇಳಬೇಡಿ ಅಂತ ಈ ವಠಾರದೋರಿಗೂ ಕೈಮುಗಿದಿದ್ದೆ!"

"ಏನನ್ನ?"

"ನೆವೇನಾ ಮದುವೆ ಆಗಿದ್ದನ್ನ."

ನೆವೇನಾ ಅಕ್ಕನ ಮಗಳು. ಚಿಕ್ಕಂದಿನಲ್ಲಿ ತ್ರಿಫನ್‌ನ ಹೆಗಲ ಮೇಲೆ ಕುಳಿತು ಊರು ಸುತ್ತಿದವಳು.

"ನೆವೇನಾ ಮದುವೆ ಆಯ್ತಾ? ಯಾವಾಗ?"

"ಮೇ ತಿಂಗಳಲ್ಲಿ. ಇನ್ನೂರು ಜನ." ಅಕ್ಕ ಅಳುತ್ತ ಕುರ್ಚಿ ಹಿಡಿದಳು. "ಏನು ಮಾಡ್ಲಿ, ಬೀಗರು ಒಪ್ಪಲಿಲ್ಲ. ನಿಶ್ಚಯದ ದಿನ ಅವರು ಇಡೀ ಕುರಿಮರಿ ಸುಟ್ಟು ತಂದಿಟ್ರೆ, ನೀನು ಅದರ ಕತ್ತನ್ನ ಬಿಚ್ಚಿ ಏಳೂ ಎಲುಬನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಇದು ಹೌದು, ಇದು ಇಲ್ಲ ಅಂತ ಪಾಠ ಮಾಡಿದೆ. ಬೀಗಿತ್ತಿ ಎದ್ದು ಹೋಗಿ ವಾಂತಿ ಮಾಡ್ಕೊಂಡ್ಲು. ಅವನು ಬಂದ್ರೆ ನಾವು ಬರಲ್ಲ ಅಂದ್ರು. ಒಂದು ಮದುವೆಗೆ ಕರೀಲಿಲ್ಲ ಅಂತ ನೇಣು ಹಾಕ್ಕೊಳ್ಳೋದೇನೋ, ತಮ್ಮಾ!"



"ಯಾರು ನೇಣು ಹಾಕ್ಕೊಂಡಿದ್ದು?" ಎಂದ ತ್ರಿಫನ್.

"ನೀನು!"

ಕೊಕ್ಕೆಗಳು, ಬೆಲ್ಟು, ಸಾರು, ಐದು ಸೇವಂತಿಗೆ, ಸಾರ್ಜೆಂಟ್ ಬೀರುವನ್ನು ಅಳೆದ ನೋಟ, ಎಲ್ಲವೂ ಒಂದರ ಹಿಂದೊಂದು ಬಂದು ತ್ರಿಫನ್‌ನ ತಲೆಯಲ್ಲಿ ಕುಳಿತವು. ಆ ಭಾರಕ್ಕೆ ಕತ್ತು ಇನ್ನಷ್ಟು ಬಿಗಿಯಿತು. ಅವನು ಪ್ಯಾಂಟು ಹಿಡಿದುಕೊಂಡು ಮೆಟ್ಟಿಲ ಬಳಿಗೆ ಓಡಿ, ಇಡೀ ವಠಾರಕ್ಕೆ ಕೇಳುವಂತೆ ಕೂಗಿದ:

"ಗಾಳಿ! ಗಾಳಿ ಹೊಡೀತು ಅಷ್ಟೇ ಕಣ್ರಯ್ಯಾ! ಕಿಟಕಿ ತೆಗೆದು ಮಲಗಿದ್ದೆ!"

ಬಾಗಿಲುಗಳು ತೆರೆದವು. ಗಾತೆವ್ ಪುಸ್ತಕದ ಸಮೇತ ಹತ್ತಿ ಬಂದ.

"ಪುಸ್ತಕದಲ್ಲಿ ಗಾಳಿ ಇಲ್ಲ, ಕಾಮ್ರೇಡ್ ಕಲ್ಚೆವ್. ಎರಡನೇ ಎಲುಬು ಅಂತ ಹೇಳಿದೋರು ನೀವೇ."

"ಎರಡನೆಯದೋ ಐದನೆಯದೋ ನನಗೇನು ಗೊತ್ತು! ಸುಮ್ನೆ ಬಾಯಿಗೆ ಬಂದದ್ದು ಹೇಳಿದೆ!"

"ನನ್ನ ಹಗ್ಗ?" ಎಂದಳು ದಾಫಿನಾ.

"ಲಾಜರನಿಗೆ! ಅವನ ಕೊಕ್ಕೆ ಮುರಿದಿತ್ತು!"

ನಂಬಿಕೆ ಬಾರದ ಮುಖಗಳನ್ನು ಕಂಡು ತ್ರಿಫನ್ ಕತ್ತುಪಟ್ಟಿಯ ಬಕಲು ಬಿಚ್ಚಿ ಕೆಳಗೆಸೆದ. ಅಕ್ಕ ಹತ್ತಿರ ಬಂದು ಬೆರಳಾಡಿಸಿ ನೋಡಿದಳು. ಗಾತೆವ್ ಟಾರ್ಚ್ ಹಾಕಿ ಸುತ್ತಲೂ ಪರೀಕ್ಷಿಸಿದ. ಕ್ಷೌರ ಮಾಡದ, ಐವತ್ತೆಂಟು ವರ್ಷದ, ಸಾಧಾರಣ ಕತ್ತು.

"ಒಂದು ಗೀರೂ ಇಲ್ಲ," ಎಂದ ಗಾತೆವ್. ಅವನ ಧ್ವನಿಯಲ್ಲಿದ್ದ ನಿರಾಸೆ ಯಾರಿಗೂ ತಪ್ಪಾಗಿ ಕೇಳಿಸಲಿಲ್ಲ.

ಮನುಷ್ಯ ಬದುಕಿದ್ದಾನೆಂದು ತಿಳಿದ ಮೇಲೆ ಸಂತೋಷಪಡುವುದು ಲೋಕಾರೂಢಿ. ಆದರೆ ಐದು ದಿನ ಸತತವಾಗಿ ಮರುಗಿದವರಿಗೆ ಅದು ಅಷ್ಟು ಸುಲಭವಲ್ಲ. "ನಮ್ಮ ಬಾನಿತ್ಸಾ ಹೇಗೆ ತಿಂದ ನೋಡಿ, ಏನೂ ಆಗದೇ ಇದ್ದೋನು!" ಎಂದಳು ಒಬ್ಬಳು. "ನನ್ನ ಜಾಡಿ ತೊಳೆದು ಕೊಡಿ," ಎಂದಳು ಇನ್ನೊಬ್ಬಳು. ಗಾತೆವ್ ತಂತಿ ಕಳಿಸಿದ ಖರ್ಚಿನ ಮಾತೆತ್ತಿದ. ದಾಫಿನಾ ಮಾತ್ರ ಗಲಾಟೆ ಮಾಡಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು.

"ಅಂದ್ರೆ ನನ್ನಿಂದ ಅಲ್ಲ? ಒಂದು ಚೂರೂ ಅಲ್ಲ?"

ಅಲ್ಲ ಎಂದರೆ ಅವಮಾನ, ಹೌದು ಎಂದರೆ ಸುಳ್ಳು. ಪಟ್ಟಿ ಬಿಚ್ಚಿದ್ದರೂ ಕತ್ತು ಅದೇ ಭಂಗಿಯಲ್ಲಿ ಸಿಕ್ಕಿಕೊಂಡಿತ್ತು. ಗದ್ದ ಮೇಲೆ ನೋಡುತ್ತಿತ್ತು. ದಾಫಿನಾ ಗದ್ದವನ್ನು ನೋಡಿದಳು.

"ಆಯ್ತು, ತ್ರಿಫನಣ್ಣ," ಎಂದು ಕೆಳಗಿಳಿದು ಹೋದಳು.

ಅಕ್ಕ ನಾಲ್ಕು ಗಂಟೆಯ ಬಸ್ಸಿಗೆ ಹೊರಟಳು. ಬಾಗಿಲ ಹಿಂದಿನ ಗೋಧಿಯ ಚೀಲವನ್ನು ಎತ್ತಿಕೊಂಡು, "ಹೇಗೂ ಮದುವೆ ವಿಷಯ ಗೊತ್ತಾಯ್ತಲ್ಲ, ಇನ್ನು ಮನಸ್ಸಿನಲ್ಲಿ ಇಟ್ಕೋಬೇಡ," ಎಂದಳು. "ಮಗು ಆದ್ರೆ ಹೇಳಿ ಕಳಿಸ್ತೀವಿ. ಬಾ. ಆದ್ರೆ ಕುರಿ ಮುಟ್ಟಬೇಡ."

ಗುರುವಾರ ಶಾಲೆಯಿಂದ ಚೀಟಿ ಬಂತು. ವಸ್ತು ಸಂಖ್ಯೆ 114ನ್ನು ಅನುಮತಿಯಿಲ್ಲದೆ ಒಯ್ದದ್ದಕ್ಕೆ ವಿವರಣೆ ಕೊಡಬೇಕು; ಹುದ್ದೆ ರದ್ದಾಗುವ ಆದೇಶವನ್ನು ಮುಂದೂಡಲು ಸೂಕ್ತ ಕಾರಣಗಳು ಈಗ ಉಳಿದಿಲ್ಲ. ಬೆಲ್ಟು, ತಂತಿ, ಪರದೆಯ ದಾರ ಎಲ್ಲವನ್ನೂ ಗಾತೆವ್ ಒಂದು ಗಂಟು ಕಟ್ಟಿ ಬಾಗಿಲ ಮುಂದೆ ಇಟ್ಟು ಹೋಗಿದ್ದ. ಕೊಕ್ಕೆಗಳನ್ನು ಮತ್ತೆ ಹೊಡೆದುಕೊಡಲು ಮಾತ್ರ ಯಾರೂ ಬರಲಿಲ್ಲ. ಆ ಗಂಟಿನ ಎದುರು ಕುಳಿತ ತ್ರಿಫನ್‌ಗೆ ಅನಿಸಿದ್ದು ಇಷ್ಟೇ: ಹೋದ ಗುರುವಾರ ತನಗೆ ಕತ್ತು ನೋವೊಂದೂ ಇರಲಿಲ್ಲ. ಈ ಗುರುವಾರ ಸಾಯಲು ಬೇಕಾದ ಕಾರಣಗಳೆಲ್ಲ ಮನೆಬಾಗಿಲಿಗೆ ಬಂದಿವೆ, ಅದೂ ಪ್ರೀತಿಪಾತ್ರರ ಕೈಯಿಂದ, ಒಂದೊಂದಾಗಿ.

ಶುಕ್ರವಾರ ಬೆಳಿಗ್ಗೆ ಮಂಜು ಕಿಟಕಿಗೆ ಅಂಟಿಕೊಂಡಿದ್ದಾಗ ಸಾರ್ಜೆಂಟ್ ಮಿಂಚೆವ್ ಮತ್ತೆ ಬಂದ. ಬೂಟು ಒರೆಸಿಕೊಂಡು ಒಳಗೆ ನಿಂತ.

"ಗಾಳಿನಾ?"

"ಗಾಳಿ."

"ಅಷ್ಟೇನಾ?"

"ಅಷ್ಟೇ ಸಾರ್ಜೆಂಟ್. ತಪ್ಪಾಯ್ತು."

ಸಾರ್ಜೆಂಟ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಕುರ್ಚಿ ಎಳೆದು ಕುಳಿತು ದೀರ್ಘವಾಗಿ ಉಸಿರು ಬಿಟ್ಟ.

"ಒಳ್ಳೇದಾಯ್ತು," ಎಂದ.

ತ್ರಿಫನ್ ತನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡ. ಇಡೀ ಊರಿನಲ್ಲಿ ಆ ಮಾತು ಆಡಿದವನು ಅವನೊಬ್ಬನೇ.

"ಈ ವರ್ಷ ಈ ಫಾರಮ್ಮು ಎರಡು ಸಲ ತುಂಬಿದೀನಿ," ಎಂದ ಸಾರ್ಜೆಂಟ್. "ಒಂದು ಗಿರಣಿ ಬೀದೀಲಿ, ಒಂದು ಹೊಳೆ ದಂಡೇಲಿ. ಎರಡು ಸಲಾನೂ ಕೊನೇಲಿ ಅವರು ಸಹಿ ಹಾಕೋ ಜಾಗ ಖಾಲಿ ಬಿಟ್ಟೆ." ಅವನು ಎದ್ದ. "ಉಪ್ಪು ಎಲ್ಲಿದೆ?"

"ಉಪ್ಪು?"

"ಕತ್ತಿಗೆ. ನನ್ನ ಹೆಂಡತಿ ಹೀಗೇ ಮಾಡೋದು."

ಅವನು ಸಮವಸ್ತ್ರದಲ್ಲೇ ಒಲೆಯ ಮುಂದೆ ನಿಂತು ಬಾಣಲೆಯಲ್ಲಿ ಕಲ್ಲುಪ್ಪು ಹುರಿದ. ಅದನ್ನು ಉಣ್ಣೆಯ ಕಾಲುಚೀಲಕ್ಕೆ ತುಂಬಿ ತ್ರಿಫನ್‌ನ ಕತ್ತಿನ ಸುತ್ತ ಇಟ್ಟು ಮೇಲೆ ಟವೆಲು ಸುತ್ತಿದ. ಬಿಸಿ ಒಳಗಿಳಿಯುತ್ತಿದ್ದಂತೆ ತ್ರಿಫನ್‌ನ ಕಣ್ಣಿನಿಂದ ನೀರು ಬಂತು. ಅದು ಬಿಸಿಗೇ ಇರಬಹುದು. ಸಾರ್ಜೆಂಟ್ ಕೇಳಲಿಲ್ಲ, ಆದ್ದರಿಂದ ನಾವೂ ಕೇಳುವುದು ಬೇಡ.

"ಈಗ ಪ್ರಕರಣ ಮುಚ್ಚಬೇಕು," ಎಂದು ಅವನು ಫಾರಂ ಬಿಡಿಸಿದ. "ಕಾರಣಗಳು ಅನ್ನೋ ಕಡೆ ಜನ ಬರೆಸಿದಾರೆ. ಓದ್ಲಾ?"

"ಓದಿ."

"ಒಂದು, ಹೆಂಡತಿ ತೀರಿಕೊಂಡದ್ದು. ಎರಡು, ಹುದ್ದೆ ರದ್ದಾಗುವುದು. ಮೂರು, ಅಕ್ಕನ ಮಗಳ ಮದುವೆಗೆ ಕರೆಯದೆ ಇದ್ದದ್ದು. ನಾಲ್ಕು, ನೆರೆಮನೆಯ ಹೆಂಗಸು ಕಾಫಿಗೆ ಒಲ್ಲೆನೆಂದದ್ದು. ಐದು, ಸಾಮಾನ್ಯವಾಗಿ ನವೆಂಬರ್ ತಿಂಗಳು. ಐದನೇದು ಗಾತೆವ್ ಬರೆಸಿದ್ದು."

ತ್ರಿಫನ್ ಕೇಳಿದ. ಒಂದಾದರೂ ಸುಳ್ಳಿದ್ದರೆ ಜಗಳವಾಡಬಹುದಿತ್ತು.

"ಇದನ್ನೆಲ್ಲ ಹೊಡೆದುಹಾಕ್ತೀರಾ?"

"ಮೂರು ಪ್ರತಿ. ಹೊಡೆದುಹಾಕೋ ಹಾಗಿಲ್ಲ. ಕೆಳಗೆ ಷರಾ ಅಂತ ಜಾಗ ಇದೆ, ಏನಾದ್ರೂ ಬರೀಬಹುದು."

ತ್ರಿಫನ್ ಸ್ವಲ್ಪ ಹೊತ್ತು ಚಾವಣಿಯಲ್ಲಿ ಕೊಕ್ಕೆಗಳಿದ್ದ ತೂತುಗಳನ್ನು ನೋಡುತ್ತ ಕುಳಿತ. ಬೇರೆಲ್ಲೂ ನೋಡಲು ಅವನ ಕತ್ತು ಬಿಡುತ್ತಿರಲಿಲ್ಲ.

"ಬರ್ಕೊಳ್ಳಿ," ಎಂದ. "ಮೇಲೆ ಹೇಳಿದ ಕಾರಣಗಳೆಲ್ಲ ನಿಜ. ಆದರೂ ಸದರಿ ವ್ಯಕ್ತಿ ಬದುಕಿದ್ದಾನೆ. ಕತ್ತು ಹಿಡಿದುಕೊಂಡಿದೆ."

ಸಾರ್ಜೆಂಟ್ ಒಂದಕ್ಷರ ಬಿಡದೆ ಬರೆದ. ಆಮೇಲೆ ಕಾಗದವನ್ನು ಮೇಜಿನ ಮೇಲೆ ಅವನ ಮುಂದೆ ತಳ್ಳಿದ. ತ್ರಿಫನ್ ಬಗ್ಗಲು ನೋಡಿದ, ಆಗಲಿಲ್ಲ. ಸಾರ್ಜೆಂಟ್ ಕಾಗದವನ್ನು ಎತ್ತಿಕೊಂಡು ಹೋಗಿ ಗೋಡೆಯ ಮೇಲೆ ತ್ರಿಫನ್‌ನ ಕಣ್ಣಿನ ಮಟ್ಟಕ್ಕೆ ಎರಡೂ ಅಂಗೈಯಿಂದ ಒತ್ತಿ ಹಿಡಿದ. ತ್ರಿಫನ್ ಎದ್ದು, ಟವೆಲು ಜಾರದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನಿಧಾನವಾಗಿ ತನ್ನ ಪೂರ್ತಿ ಹೆಸರು ಬರೆದ.

"ಇನ್ನೂ ಒತ್ತಿ ಬರೀರಿ," ಎಂದ ಸಾರ್ಜೆಂಟ್. "ಕೆಳಗೆ ಇನ್ನೆರಡು ಪ್ರತಿ ಇವೆ."